ಓದುಗರ ಪ್ರಶ್ನೆಗಳು: ಕೆಲಸದ ಜಾಗಕ್ಕೆ ಮುಟ್ಟಿನ ಪ್ಯಾಡ್ ಪೂರೈಸುವ ಸಣ್ಣ ಉದ್ಯಮ

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ಘಟಕದಲ್ಲಿ ನಾನು ಹಲವು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದೆ. ಕೆಲಸದ ನಡುವೆ ಮುಟ್ಟಾದ ಹೆಣ್ಣುಮಕ್ಕಳು ಪ್ಯಾಡಿಗಾಗಿ ಒಬ್ಬರನ್ನೊಬ್ಬರು ಕೇಳಿ, ಎಲ್ಲಿಯೂ ಸಿಗದಿದ್ದಾಗ ಅರ್ಧ ದಿನದ ಪಗಾರ ಬಿಟ್ಟು ಮನೆಗೆ ಹೋಗುವುದನ್ನು ಅಲ್ಲಿ ಕಂಡಿದ್ದೇನೆ. ಈಗ ನಾನು ಮತ್ತು ನನ್ನ ನಾದಿನಿ ಸೇರಿ ಕಾರ್ಖಾನೆ, ಆಸ್ಪತ್ರೆ, ಕಚೇರಿಗಳಿಗೆ ಪ್ಯಾಡ್ ಪೂರೈಸುವ ಉದ್ಯಮವನ್ನು ಆರಂಭಿಸಬೇಕೆಂದಿದ್ದೇವೆ. ಕೈಯಲ್ಲಿ ಮೂರು ಲಕ್ಷ ರೂಪಾಯಿ ಉಳಿತಾಯವಿದೆ. ಯಂತ್ರ ಮಾರುವವರೊಬ್ಬರು ಪ್ಯಾಡ್ ತಯಾರಿಸುವ ಯಂತ್ರವನ್ನೇ ಕೊಳ್ಳಿರಿ, ಕಡಿಮೆ ಬಿದ್ದ ಹಣಕ್ಕೆ ಸಾಲ ಕೊಡಿಸುತ್ತೇವೆ ಎನ್ನುತ್ತಿದ್ದಾರೆ. ಬದುಕು ನಡೆಯುವಷ್ಟು ಲಾಭವೂ ಬೇಕು, ಸಮಾಜಕ್ಕೆ ಉಪಯೋಗವೂ ಆಗಬೇಕು. ಎಲ್ಲಿಂದ ಆರಂಭಿಸಬೇಕು, ಯಾವ ನೋಂದಣಿಗಳು ಬೇಕು?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲ ವರ್ಷ ಯಂತ್ರ ಕೊಳ್ಳಬೇಡಿ. ಬಳಸಿ ಬಿಸಾಡುವ ಪ್ಯಾಡಿನಲ್ಲಿ ಮೇಲ್ಪದರದ ನೇಯದ ಬಟ್ಟೆ, ಮರದ ತಿರುಳು, ತೇವವನ್ನು ಹಿಡಿದಿಡುವ ಪಾಲಿಮರ್ ಪುಡಿ, ತಳದ ಪ್ಲಾಸ್ಟಿಕ್ ಹಾಳೆ, ಅಂಟು ಮತ್ತು ಅಂಟಿನ ಮೇಲಿನ ಕಾಗದ ಇರುತ್ತವೆ. ಇವೆಲ್ಲವನ್ನೂ ದೊಡ್ಡ ಕಂಪನಿಗಳು ಕೊಳ್ಳುವ ದರದಲ್ಲಿ ಕೊಳ್ಳಲು ನಿಮಗೆ ಸಾಧ್ಯವಿಲ್ಲ. ಕೊಯಮತ್ತೂರಿನ ಅರುಣಾಚಲಂ ಮುರುಗನಾಥಂ ಅವರು ಕಡಿಮೆ ಬೆಲೆಯ ಯಂತ್ರವನ್ನು ರೂಪಿಸಿ 2016ರಲ್ಲಿ ಪದ್ಮಶ್ರೀ ಪಡೆದ ಮೇಲೆ ದೇಶದಾದ್ಯಂತ ಸ್ವಸಹಾಯ ಸಂಘಗಳು ಇಂಥ ಘಟಕಗಳನ್ನು ತೆರೆದವು, ಮತ್ತು ಅವುಗಳಲ್ಲಿ ಅನೇಕವು ತಯಾರಿಕೆಯಲ್ಲಿ ಗೆದ್ದು ಮಾರಾಟದಲ್ಲಿ ಸೋತವು. ಇನ್ನೊಂದೆಡೆ, ಜನೌಷಧಿ ಕೇಂದ್ರಗಳಲ್ಲಿ 2019ರ ಆಗಸ್ಟ್‌ನಿಂದ ‘ಸುವಿಧಾ’ ಪ್ಯಾಡ್ ಒಂದಕ್ಕೆ 1 ರೂಪಾಯಿಯಂತೆ ಸಿಗುತ್ತಿದೆ. ಬೆಲೆಯ ಮೇಲೆ ಪೈಪೋಟಿ ನಡೆಸಿ ನೀವು ಉಳಿಯಲಾರಿರಿ. ಸಾಲದ ಕಂತಂತೂ ಯಂತ್ರ ತಿರುಗಿದರೂ ತಿರುಗದಿದ್ದರೂ ಬರುತ್ತದೆ.

ಹಾಗಾದರೆ ನೀವು ಮಾರುವುದೇನು ಎಂಬುದನ್ನು ನಿಮ್ಮ ಪತ್ರವೇ ಹೇಳುತ್ತದೆ. ಆ ಘಟಕದ ಸುತ್ತ ಔಷಧ ಅಂಗಡಿಗಳು ಇದ್ದಿರಲೇಬೇಕು. ಇಲ್ಲದೆ ಹೋದದ್ದು ಬೇಕಾದ ಗಳಿಗೆಯಲ್ಲಿ, ಯಾರನ್ನೂ ಕೇಳದೆ, ಶೌಚಾಲಯದ ಒಳಗೇ ಕೈಗೆ ಸಿಗುವ ಪ್ಯಾಡು. ಅದು ಯಾವತ್ತೂ ಅಲ್ಲಿರುವಂತೆ ನೋಡಿಕೊಳ್ಳುವ ಕೆಲಸಕ್ಕೆ ಮಾಲೀಕರು ನಿಮಗೆ ಹಣ ಕೊಡಬೇಕು. ‘ಜನೌಷಧಿಯಲ್ಲಿ 1 ರೂಪಾಯಿಗೆ ಸಿಗುತ್ತದಲ್ಲ’ ಎಂದು ಯಾರಾದರೂ ಕೇಳಿದರೆ, ಅಲ್ಲಿಂದಲೇ ತರಿಸಿಕೊಳ್ಳಬಹುದು, ಆದರೆ ಶೌಚಾಲಯದಲ್ಲಿಟ್ಟ ಪ್ಯಾಡಿನ ಪೆಟ್ಟಿಗೆ ಖಾಲಿಯಾಗಿರುವುದನ್ನು ಯಾರು ಗಮನಿಸುತ್ತಾರೆ, ಯಾರು ತುಂಬುತ್ತಾರೆ, ಬಳಸಿದ್ದನ್ನು ಯಾರು ವಿಲೇವಾರಿ ಮಾಡುತ್ತಾರೆ ಎಂದು ವಿನಯದಿಂದಲೇ ಕೇಳಿ.

ನಾಣ್ಯ ಹಾಕಿದರೆ ಪ್ಯಾಡ್ ಕೊಡುವ ಯಂತ್ರವನ್ನು ಗೋಡೆಗೆ ತೂಗುಹಾಕುವುದು ನನಗೆ ಒಪ್ಪಿಗೆಯಿಲ್ಲ. ಕೆಲಸದ ಉಡುಪಿನಲ್ಲಿರುವವರ ಬಳಿ ಚಿಲ್ಲರೆ ಇರುವುದಿಲ್ಲ, ಯಂತ್ರ ಕೆಟ್ಟರೆ ದುರಸ್ತಿಗೆ ಯಾರೂ ತಕ್ಷಣ ಬರುವುದಿಲ್ಲ, ಮತ್ತು ಉದ್ಘಾಟನೆಯ ದಿನ ತುಂಬಿದ್ದ ಯಂತ್ರ ಮುಂದೆ ಖಾಲಿಯಾಗಿ ನಿಂತಿರುವುದನ್ನು ನಮ್ಮ ಎಷ್ಟೋ ಕಾಲೇಜುಗಳಲ್ಲಿ ನೋಡಬಹುದು. ಅದಕ್ಕಿಂತ ಕೆಟ್ಟ ಏರ್ಪಾಡು ಎಂದರೆ ಪ್ಯಾಡುಗಳನ್ನು ಮೇಲ್ವಿಚಾರಕರ ಕಪಾಟಿನಲ್ಲಿಟ್ಟು, ಹೆಸರು ಬರೆದು ಸಹಿ ಹಾಕಿಸಿಕೊಂಡು ಕೊಡುವುದು. ಅಲ್ಲಿ ಕೇಳಲು ಹೋಗುವುದಕ್ಕಿಂತ ಮನೆಗೆ ಹೋಗುವುದೇ ಮೇಲು ಎಂದು ಹೆಣ್ಣುಮಕ್ಕಳು ತೀರ್ಮಾನಿಸುತ್ತಾರೆ. ಮುಚ್ಚಳವಿರುವ, ಬೀಗವಿಲ್ಲದ, ತೇವ ತಾಗದ ಒಂದು ಸಾದಾ ಪೆಟ್ಟಿಗೆ ಸಾಕು. ಆರಂಭದ ಒಂದೆರಡು ವಾರ ಕೆಲವರು ಹಿಡಿಯಷ್ಟು ಒಯ್ಯುತ್ತಾರೆ, ಆಗ ಮಾಲೀಕರು ದುರುಪಯೋಗವೆಂದು ದೂರುತ್ತಾರೆ. ನಾಳೆಯೂ ಪೆಟ್ಟಿಗೆ ತುಂಬಿರುತ್ತದೆ ಎಂಬ ನಂಬಿಕೆ ಬಂದ ಮೇಲೆ ಕೂಡಿಡುವ ಅಗತ್ಯ ಯಾರಿಗೂ ಉಳಿಯುವುದಿಲ್ಲ. ಇದನ್ನು ಮೊದಲೇ ಹೇಳಿಡಿ.

ಈಗ ಲೆಕ್ಕ. ಒಂದು ಘಟಕದಲ್ಲಿ 60 ಮಹಿಳೆಯರಿದ್ದು, ಅವರಲ್ಲಿ 45 ಮಂದಿ ಮುಟ್ಟಾಗುವ ವಯಸ್ಸಿನವರು ಎಂದು ಹಿಡಿಯೋಣ. ಒಬ್ಬೊಬ್ಬರಿಗೆ ತಿಂಗಳಲ್ಲಿ ಅಂಥ ನಾಲ್ಕು ಕೆಲಸದ ದಿನಗಳು ಬರಬಹುದು. ಪ್ಯಾಡನ್ನು ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕಾದ್ದರಿಂದ ಒಂದು ಪಾಳಿಗೆ ಎರಡು ಬೇಕು. 45ನ್ನು 4ರಿಂದ, ಅದನ್ನು 2ರಿಂದ ಗುಣಿಸಿದರೆ 360 ಪ್ಯಾಡುಗಳಾದವು. ಅನೇಕರು ಮನೆಯಿಂದಲೇ ತರುವುದರಿಂದ ಇದು ಮೇಲಿನ ಮಿತಿ ಎಂದು ತಿಳಿಯಿರಿ. ಮೂರು ತಿಂಗಳು ತುಂಬಿ ನೋಡಿದರೆ ನಿಜವಾದ ಸಂಖ್ಯೆ ನಿಮ್ಮ ಪುಸ್ತಕದಲ್ಲಿಯೇ ಸಿಗುತ್ತದೆ. ಸಗಟು ಖರೀದಿಯಲ್ಲಿ ಪ್ಯಾಡಿಗೆ 4 ರೂಪಾಯಿ ಬಿದ್ದರೆ 1,440 ರೂಪಾಯಿ, ಕಸದ ಚೀಲ ಮತ್ತು ಓಡಾಟಕ್ಕೆ 500 ರೂಪಾಯಿ. ಮಾಲೀಕರಿಂದ ತಿಂಗಳಿಗೆ 2,600 ರೂಪಾಯಿ ಪಡೆದರೆ ನಿಮಗುಳಿಯುವುದು 660 ರೂಪಾಯಿ. ಅವರಿಗೆ ಅದು ಒಬ್ಬ ಮಹಿಳೆಗೆ ತಿಂಗಳಿಗೆ 43 ರೂಪಾಯಿ ಚಿಲ್ಲರೆಯ ಖರ್ಚು. ಇಂಥ 25 ಜಾಗಗಳಾದರೆ ತಿಂಗಳಿಗೆ 16,500 ರೂಪಾಯಿ ಉಳಿಯುತ್ತದೆ. ಇಬ್ಬರಿಗೆ ಹಂಚಿದರೆ ಅದು ದೊಡ್ಡ ಮೊತ್ತವಲ್ಲ ಎಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ಈ ಉದ್ಯಮದಲ್ಲಿ ಲಾಭವನ್ನು ನಿರ್ಧರಿಸುವುದು ಪ್ಯಾಡಿನ ಬೆಲೆಗಿಂತ ಹೆಚ್ಚಾಗಿ ನಿಮ್ಮ ಗಾಡಿಯ ಪೆಟ್ರೋಲ್. ಆದ್ದರಿಂದ ಎಲ್ಲಿ ಗಿರಾಕಿ ಸಿಕ್ಕರೂ ಓಡುವ ಬದಲು ಒಂದೇ ದಾರಿಯನ್ನು ಹಿಡಿಯಿರಿ: ಗೋಕುಲ ರಸ್ತೆ ಮತ್ತು ತಾರಿಹಾಳ ಒಂದು ದಿನ, ರಾಯಾಪುರದ ಮೂಲಕ ಧಾರವಾಡ ದಾಟಿ ಬೇಲೂರು ಕೈಗಾರಿಕಾ ಪ್ರದೇಶದವರೆಗೆ ಇನ್ನೊಂದು ದಿನ.

ದರವನ್ನು ಪ್ಯಾಡಿಗೆ ಇಷ್ಟು ಎಂದು ನಿಗದಿ ಮಾಡಬೇಡಿ. ಹಾಗೆ ಮಾಡಿದರೆ ಬಳಕೆ ಕಡಿಮೆಯಾಗಲೆಂದು ಮಾಲೀಕರು ಬಯಸತೊಡಗುತ್ತಾರೆ, ಮತ್ತೆ ಬೀಗ ಬರುತ್ತದೆ, ಸಹಿ ಪುಸ್ತಕ ಬರುತ್ತದೆ. ತಲೆಗೆ ಇಷ್ಟು ಎಂಬ ತಿಂಗಳ ದರ ಒಳ್ಳೆಯದು. ಆದರೆ ಅಲ್ಲಿ ಕಡಿಮೆ ತುಂಬಿ ಹೆಚ್ಚು ಉಳಿಸುವ ಆಸೆ ನಿಮಗೇ ಹುಟ್ಟಬಹುದು. ಆದ್ದರಿಂದ ಪೆಟ್ಟಿಗೆ ಖಾಲಿ ಕಂಡ ದಿನಕ್ಕೆ ಇಷ್ಟು ಹಣ ಕಡಿತ ಎಂಬ ಷರತ್ತನ್ನು ನೀವೇ ಮುಂದಾಗಿ ಕರಾರಿನಲ್ಲಿ ಬರೆಯಿರಿ. ಹತ್ತು ಅಥವಾ ಹೆಚ್ಚು ಜನರಿರುವ ಕೆಲಸದ ಸ್ಥಳಗಳಲ್ಲಿ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಮಹಿಳೆಯೊಬ್ಬರ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಬೇಕು. ಪೆಟ್ಟಿಗೆಯ ದೂರುಗಳನ್ನು ತಿಳಿಸಲು ಆ ಸಮಿತಿಯ ಸದಸ್ಯೆಯೊಬ್ಬರನ್ನು ಒಪ್ಪಿಸಿದರೆ ಮಾತು ಗಂಡಸರ ಮೇಜಿನ ಮೇಲೆ ಹಾದು ಬರಬೇಕಾಗಿಲ್ಲ.

ಸಾಮಾಜಿಕ ಹೊಣೆಯ ಬಗ್ಗೆ ಕೇಳಿದ್ದೀರಿ. ಒಂದು ಪೊಟ್ಟಣ ಮಾರಿದರೆ ಒಂದು ಪೊಟ್ಟಣ ಬಡವರಿಗೆ ಎಂಬ ಘೋಷಣೆಯನ್ನು ಲೇಬಲ್ಲಿನ ಮೇಲೆ ಅಚ್ಚು ಹಾಕಿಸುವ ಆಸೆ ನಿಮಗೂ ಇರಬಹುದು. 660 ರೂಪಾಯಿ ಉಳಿಯುವ ವ್ಯವಹಾರ ಆ ಭಾರವನ್ನು ತಡೆಯಲಾರದು. ನನ್ನ ದೃಷ್ಟಿಯಲ್ಲಿ ನಿಮ್ಮ ಹೊಣೆ ಕರಾರಿನ ಒಂದು ಸಾಲಿನಲ್ಲಿದೆ: ಮಹಿಳೆಯರ ಸಂಖ್ಯೆ ಎಣಿಸುವಾಗ ಹಾಜರಿ ಪುಸ್ತಕದಲ್ಲಿ ಹೆಸರಿರುವವರಷ್ಟೇ ಅಲ್ಲದೆ ಗುತ್ತಿಗೆಯ ಮೇಲೆ ಬರುವವರು, ಕಸ ಗುಡಿಸುವವರು, ಕ್ಯಾಂಟೀನಿನವರು, ಭದ್ರತೆಯವರು ಎಲ್ಲರೂ ಸೇರಬೇಕು. ಪೆಟ್ಟಿಗೆ ಕಚೇರಿಯ ಸಿಬ್ಬಂದಿಯ ಶೌಚಾಲಯದಲ್ಲಿ ಮಾತ್ರ ಇರದೆ ಕೆಲಸದ ಅಂಗಳದ ಶೌಚಾಲಯದಲ್ಲಿಯೂ ಇರಬೇಕು. ಮಾಲೀಕರು ಚೌಕಾಸಿ ಮಾಡುವುದು ಈ ಸಾಲಿನ ಮೇಲೆಯೇ. ದರದಲ್ಲಿ ಸ್ವಲ್ಪ ಬಿಟ್ಟುಕೊಟ್ಟರೂ ಚಿಂತೆಯಿಲ್ಲ, ಈ ಸಾಲನ್ನು ಬಿಡಬೇಡಿ.

ಮಾಲೀಕರೊಡನೆ ಮಾತನಾಡುವಾಗ ಎರಡು ವಿಷಯ ತಿಳಿದಿರಲಿ. ರಾಜ್ಯ ಸಚಿವ ಸಂಪುಟವು 2025ರ ಅಕ್ಟೋಬರ್‌ನಲ್ಲಿ ಮುಟ್ಟಿನ ರಜೆ ನೀತಿಯನ್ನು ಒಪ್ಪಿದೆ. ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ರಜೆ ಅದರಲ್ಲಿದೆ. ರಜೆಯೇ ಇರುವಾಗ ಪ್ಯಾಡ್ ಏಕೆ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಉಳಿದ ಮೂರು ನಾಲ್ಕು ದಿನ ಅವರು ಕೆಲಸಕ್ಕೆ ಬಂದೇ ಬರುತ್ತಾರೆ ಎಂಬುದೇ ಅದಕ್ಕೆ ಉತ್ತರ. ಎರಡನೆಯದು, ಇದನ್ನು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಖರ್ಚಿನಲ್ಲಿ ತೋರಿಸಿಕೊಳ್ಳಬಹುದು ಎಂದು ಆಸೆ ಹುಟ್ಟಿಸಬೇಡಿ. ಸ್ವಂತ ನೌಕರರಿಗೆ ಲಾಭವಾಗುವ ಚಟುವಟಿಕೆಗಳು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲವೆಂದು ಕಂಪನಿ ನಿಯಮಗಳೇ ಹೇಳುತ್ತವೆ. ಇದು ನೌಕರರ ಕಲ್ಯಾಣದ ಖರ್ಚು, ಸಾಬೂನು ಮತ್ತು ಕುಡಿಯುವ ನೀರಿನ ಸಾಲಿನಲ್ಲಿ ನಿಲ್ಲತಕ್ಕದ್ದು.

ಸರಕನ್ನು ಆರಿಸುವಾಗ ಪೊಟ್ಟಣದ ಮೇಲೆ ಐಎಸ್ 5405 ಎಂಬ ಮಾನಕದ ಗುರುತು ಇದೆಯೇ ನೋಡಿ, ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ತಾಳೆ ಹಾಕಿ. ತೊಳೆದು ಬಳಸುವ ಬಟ್ಟೆಯ ಪ್ಯಾಡಿಗೆ ಐಎಸ್ 17514 ಎಂಬ ಬೇರೆಯೇ ಮಾನಕವು 2021ರಲ್ಲಿ ಬಂದಿದೆ. ಬಟ್ಟೆಯ ಪ್ಯಾಡು ಮನೆಗೆ ಒಳ್ಳೆಯದು, ಕೆಲಸದ ಜಾಗಕ್ಕೆ ಕಷ್ಟ, ಏಕೆಂದರೆ ಅದನ್ನು ತೊಳೆದು ಬಿಸಿಲಿಗೆ ಹಾಕಬೇಕು. ಮುಟ್ಟಿನ ರಕ್ತವನ್ನು ಒಳಗೇ ಹಿಡಿದಿಡುವ ಮೆತ್ತನೆಯ ಬಟ್ಟಲು, ಅಂದರೆ ಮುಟ್ಟಿನ ಕಪ್ಪು, ಹಲವು ವರ್ಷ ಬಾಳುತ್ತದೆ, ಕಸವನ್ನೂ ಉಳಿಸುತ್ತದೆ. ಕೇರಳದ ಕುಂಬಳಂಗಿ ಗ್ರಾಮವು ಕಪ್ಪು ಮತ್ತು ಬಟ್ಟೆಯ ಪ್ಯಾಡುಗಳಿಗೆ ಹೊರಳಿ 2022ರಲ್ಲಿ ಸ್ಯಾನಿಟರಿ ನ್ಯಾಪ್ಕಿನ್ ಮುಕ್ತವೆಂದು ಘೋಷಿಸಿಕೊಂಡಿತು. ಕೇಳಿದವರಿಗೆ ಕಪ್ಪನ್ನು ಮಾರಿ, ಬಳಸುವ ಕ್ರಮವನ್ನು ಹೇಳಿಕೊಡಿ, ಒತ್ತಾಯ ಮಾಡಬೇಡಿ. ಅದರಿಂದ ನಿಮ್ಮ ಪ್ಯಾಡಿನ ವ್ಯಾಪಾರ ಸ್ವಲ್ಪ ಇಳಿದರೂ ಇಳಿಯಲಿ.

ಕಸದ ಪ್ರಶ್ನೆಯನ್ನು ನೀವು ಕೇಳಿಲ್ಲ. ಪೂರೈಸಿದ 360 ಪ್ಯಾಡುಗಳೂ ತಿಂಗಳ ಕೊನೆಗೆ ಎಲ್ಲೋ ಒಂದು ಕಡೆ ಹೋಗಲೇಬೇಕಲ್ಲ. ಬುಟ್ಟಿ ಇಲ್ಲದ ಶೌಚಾಲಯದಲ್ಲಿ ಅವು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ, ಆಮೇಲೆ ಅವನ್ನು ಕೈಯಿಂದ ತೆಗೆಯುವವರು ಯಾರೆಂದು ನಿಮಗೆ ಗೊತ್ತಿದೆ. ಬಳಸಿದ ಪ್ಯಾಡನ್ನು ಸುತ್ತಿ, ಒಣ ಕಸದ ಬುಟ್ಟಿಯಲ್ಲಿಡಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳು ಹೇಳಿದವು, ಸುತ್ತುವ ಚೀಲ ಕೊಡುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದವು. ನಿಮ್ಮ ಪೆಟ್ಟಿಗೆಯ ಪಕ್ಕದಲ್ಲಿಯೇ ಕಾಗದದ ಚೀಲಗಳಿರಲಿ, ಕಾಲಿನಿಂದ ತೆರೆಯುವ ಬುಟ್ಟಿ ಇರಲಿ, ಕಟ್ಟಿದ ಚೀಲದ ಮೇಲೆ ಕೆಂಪು ಗುರುತಿರಲಿ, ಮತ್ತು ಅದನ್ನು ಬೇರೆ ಕಸದೊಡನೆ ಬೆರೆಸದೆ ಪಾಲಿಕೆಯ ಗಾಡಿಗೆ ಕೊಡುವವರು ಯಾರೆಂಬುದು ಕರಾರಿನಲ್ಲಿರಲಿ. ಗೋಡೆಗೆ ಜೋಡಿಸುವ ಸಣ್ಣ ವಿದ್ಯುತ್ ದಹನಯಂತ್ರವನ್ನೂ ಸೇರಿಸಿ ಮಾರಿರಿ ಎಂದು ಸಲಹೆ ಕೊಡುವವರು ಬಹಳ. ಆಸ್ಪತ್ರೆ ತ್ಯಾಜ್ಯವನ್ನು ಸುಡುವ ಕುಲುಮೆಗಳ ಮೊದಲ ಕೋಣೆಯಲ್ಲಿ 800 ಡಿಗ್ರಿ, ಎರಡನೆಯದರಲ್ಲಿ 1,050 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಶಾಖ ಇರಬೇಕೆಂಬ ನಿಯಮವಿದೆ. ಅಷ್ಟು ಶಾಖ ಹುಟ್ಟದ ಡಬ್ಬಿಯಲ್ಲಿ ಪ್ಲಾಸ್ಟಿಕ್ ಪದರವನ್ನು ಅರೆಬರೆ ಸುಟ್ಟರೆ ವಿಷದ ಹೊಗೆ ಆ ಇಕ್ಕಟ್ಟಿನ ಶೌಚಾಲಯದಲ್ಲಿಯೇ ತುಂಬಿಕೊಳ್ಳುತ್ತದೆ. ಅದನ್ನು ಮಾರಬೇಡಿ.

ನೋಂದಣಿಗಳ ಸಂಗತಿ ನೀವು ಅಂಜಿದಷ್ಟು ಜಟಿಲವಾಗಿಲ್ಲ. ಪ್ಯಾಡಿನ ಮೇಲಿದ್ದ ಶೇ. 12 ಜಿಎಸ್‌ಟಿ 2018ರ ಜುಲೈನಲ್ಲಿ ರದ್ದಾಯಿತು, ತೆರಿಗೆ ವಿನಾಯಿತಿ ಇರುವ ಸರಕನ್ನು ಮಾತ್ರ ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಆದರೆ ಬುಟ್ಟಿ, ಚೀಲ, ಸೇವಾಶುಲ್ಕಗಳಿಗೆ ಆ ವಿನಾಯಿತಿ ಇಲ್ಲ. ಸೇವೆಯೂ ಸೇರಿದಾಗ ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು, ಆ ಒಟ್ಟಿನಲ್ಲಿ ಪ್ಯಾಡಿನ ಮಾರಾಟವೂ ಎಣಿಕೆಗೆ ಬರುತ್ತದೆ. 25 ಜಾಗಗಳ ಲೆಕ್ಕದಲ್ಲಿ ನಿಮ್ಮದು 7.8 ಲಕ್ಷ. ಬಿಲ್ಲಿನಲ್ಲಿ ಪ್ಯಾಡಿನ ಬೆಲೆಯನ್ನೂ ಸೇವಾಶುಲ್ಕವನ್ನೂ ಬೇರೆ ಬೇರೆ ಬರೆಯಿರಿ. ಒಮ್ಮೆ ತೆರಿಗೆ ಸಲಹೆಗಾರರಿಗೆ ತೋರಿಸಿರಿ. ದೊಡ್ಡ ಕಟ್ಟನ್ನು ಒಡೆದು ನಿಮ್ಮ ಹೆಸರಿನ ಪೊಟ್ಟಣ ಮಾಡಿ ಮಾರಿದರೆ 2011ರ ಪೊಟ್ಟಣ ಸರಕುಗಳ ನಿಯಮಗಳ ಅಡಿಯಲ್ಲಿ ನೀವು ಪ್ಯಾಕರ್ ಆಗುತ್ತೀರಿ, ಕಾನೂನು ಮಾಪನ ಇಲಾಖೆಯಲ್ಲಿ ನೋಂದಣಿ ಬೇಕಾಗುತ್ತದೆ. ಆರಂಭದಲ್ಲಿ ಆ ಗೋಜು ಬೇಡ.

ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲಿಯೇ ಮಾಡಿಕೊಳ್ಳಬಹುದು, ಅದಕ್ಕೆ ಯಾರಿಗೂ ಹಣ ಕೊಡಬೇಡಿ. ಇಲ್ಲೊಂದು ಸೂಕ್ಷ್ಮವಿದೆ. ಸಣ್ಣ ಉದ್ಯಮದ ಬಿಲ್ಲನ್ನು ಹೆಚ್ಚೆಂದರೆ 45 ದಿನಗಳಲ್ಲಿ ತೀರಿಸಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಬೇಕು ಎಂದು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆ ಹೇಳುತ್ತದೆ. ಆ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ. ಬರೀ ಕೊಂಡು ಮಾರುವವರಿಗೆ ಉದ್ಯಮ್ ನೋಂದಣಿಯಿಂದ ಸಿಗುವುದು ಬ್ಯಾಂಕಿನ ಆದ್ಯತಾ ವಲಯದ ಸಾಲದ ಅನುಕೂಲ ಮಾತ್ರ. ಆದ್ದರಿಂದ ತಿಂಗಳ ಹಣವನ್ನು ಮುಂಗಡವಾಗಿಯೇ ಕೇಳಿ. ಎಲ್ಲರೂ ಕೊಡುವುದಿಲ್ಲ. ಅದಕ್ಕಾಗಿಯೇ ನಿಮ್ಮ ಮೂರು ಲಕ್ಷದಲ್ಲಿ ಅರ್ಧವನ್ನು ಮುಟ್ಟದೆ ಇಟ್ಟುಕೊಳ್ಳಿ. ಉಳಿದರ್ಧದಲ್ಲಿ ಸರಕು, ಪೆಟ್ಟಿಗೆ, ಬುಟ್ಟಿಗಳು ಬರಲಿ. ಐದಾರು ಜಾಗಗಳಿಂದ ಆರಂಭಿಸಿದರೆ ಅಷ್ಟು ಸಾಕು.

ಮುಂದೆ ಸಾಲ ಬೇಕಾದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಯವರೆಗೆ, ಕಿಶೋರ ವಿಭಾಗದಲ್ಲಿ 5 ಲಕ್ಷದವರೆಗೆ ಸಿಗುತ್ತದೆ; ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಸಹಾಯಧನವೂ ಇದೆ, ಆದಾಯ ಮಿತಿಯೂ ಇದೆ. ಧಾರವಾಡದಲ್ಲಿಯೇ ಸ್ವಂತ ಉದ್ಯಮದ ತರಬೇತಿ ಕೊಡುವ ಸಿಡಾಕ್ ಮತ್ತು ರುಡ್‌ಸೆಟ್ ಸಂಸ್ಥೆಗಳಿವೆ. ಯಂತ್ರ ಮಾರುವವರು ಕೊಟ್ಟ ಯೋಜನಾ ವರದಿಯನ್ನು ಅಲ್ಲಿಯ ತರಬೇತುದಾರರಿಗೆ ಒಮ್ಮೆ ತೋರಿಸಿ, ವರದಿಯಲ್ಲಿ ಕಾಣಿಸಿದ ಮಾರಾಟ ಎಲ್ಲಿಂದ ಬರುತ್ತದೆ ಎಂದು ಅವರೆದುರಿಗೇ ಕೇಳಿ ನೋಡಿ.

ಪ್ರಶ್ನೆ: ನಮ್ಮ ಮಹಿಳಾ ಸಂಘದವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಪ್ಯಾಡ್ ಪೂರೈಸಬೇಕೆಂದಿದ್ದೇವೆ. ಇವರು ದಿನಗೂಲಿಯವರು, ಇಂದು ಒಬ್ಬರ ಅಂಗಳ, ನಾಳೆ ಇನ್ನೊಬ್ಬರದು. ಹಣ ಕೊಡುವವರು ಯಾರು?
— ಸಂಘವೊಂದರ ಕಾರ್ಯದರ್ಶಿ, ಹಾವೇರಿ ಜಿಲ್ಲೆ

ಉತ್ತರ: ಹುಬ್ಬಳ್ಳಿಯವರಿಗೆ ಹೇಳಿದ ಪೆಟ್ಟಿಗೆಯ ಪದ್ಧತಿ ನಿಮಗೆ ಹೊಂದುವುದಿಲ್ಲ. ನೀರು, ಚಿಲಕ, ಬುಟ್ಟಿ ಇರುವ ಶೌಚಾಲಯ ಇಲ್ಲದ ಅಂಗಳದಲ್ಲಿ ಪ್ಯಾಡಿಟ್ಟು ಫಲವಿಲ್ಲ. ಮೊದಲು ನಿಮ್ಮ ಸಂಘದವರು ಅಂಗಳದಿಂದ ಅಂಗಳಕ್ಕೆ ಹೋಗಿ ಯಾವ ಯಾವ ಕಡೆ ಬಳಸಲು ಬರುವ ಶೌಚಾಲಯವಿದೆ ಎಂದು ಬರೆದುಕೊಳ್ಳಿ, ಇಲ್ಲದ ಕಡೆ ಎಪಿಎಂಸಿ ಮತ್ತು ವರ್ತಕರ ಸಂಘದೊಡನೆ ಆ ಮಾತನ್ನೇ ಮೊದಲು ಎತ್ತಿ.

ಎರಡನೆಯದು ಸಾಬೂನು. ಇಡೀ ದಿನ ಮೆಣಸಿನಕಾಯಿ ಹಿಡಿದ ಕೈಯಿಂದ ಪ್ಯಾಡು ಬದಲಿಸುವ ಸಂಕಟವನ್ನು ನಿಮ್ಮ ಸದಸ್ಯೆಯರು ನನಗಿಂತ ಚೆನ್ನಾಗಿ ಬಲ್ಲರು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಬರೀ ನೀರಿನಲ್ಲಿ ಕರಗುವುದಿಲ್ಲ. ಎಣ್ಣೆ ಸವರಿ ಸಾಬೂನಿನಿಂದ ತೊಳೆದರೆ ಮಾತ್ರ ಬಹುಮಟ್ಟಿಗೆ ಹೋಗುತ್ತದೆ. ಆದ್ದರಿಂದ ನೀವು ಕೊಡುವ ಪೊಟ್ಟಣದಲ್ಲಿ ಪ್ಯಾಡುಗಳ ಜೊತೆಗೆ ಒಂದು ಸಣ್ಣ ಸಾಬೂನು ಇರಲೇಬೇಕು. ಬೇರೆ ಊರಿನ ಯಾವ ಕಂಪನಿಯ ಪೊಟ್ಟಣವೂ ಇದನ್ನು ಯೋಚಿಸಿರುವುದಿಲ್ಲ.

ಹಣದ ಮಾತಿಗೆ ಬಂದರೆ, ಕೂಲಿಯಲ್ಲಿ ಹಿಡಿದುಕೊಳ್ಳುವ ಯಾವ ಏರ್ಪಾಡಿಗೂ ಒಪ್ಪಬೇಡಿ. ದಿನಗೂಲಿಯವರಿಗೆ ಒಬ್ಬ ಮಾಲೀಕರೆಂಬುದು ಇಲ್ಲದ್ದರಿಂದ ಒಬ್ಬೊಬ್ಬ ವರ್ತಕರ ಬಳಿ ಕೇಳುವುದೂ ವ್ಯರ್ಥ. ಇಂದು ಕೊಟ್ಟವರ ಪ್ಯಾಡನ್ನು ನಾಳೆ ಬೇರೆಯವರ ಅಂಗಳದಲ್ಲಿ ಬಳಸಿದರೆಂದು ಅವರು ತಕರಾರು ತೆಗೆಯುತ್ತಾರೆ. ವರ್ತಕರ ಸಂಘವು ಸುಗ್ಗಿಯ ಅವಧಿಗೆ ಒಟ್ಟು ಮೊತ್ತವೊಂದನ್ನು ಕೊಡುವಂತೆ ಕೇಳಿ, ನೀವು ವಾರಕ್ಕೊಮ್ಮೆ ಬಟವಾಡೆಯ ದಿನ ಪೊಟ್ಟಣ ಹಂಚಿ. ಬ್ಯಾಡಗಿಯ ಮಾರುಕಟ್ಟೆ ವರ್ಷವಿಡೀ ಒಂದೇ ಭರದಲ್ಲಿ ನಡೆಯುವುದಿಲ್ಲವಾದ್ದರಿಂದ ನಿಮ್ಮ ಸರಕನ್ನೂ ಸುಗ್ಗಿಗೆ ತಕ್ಕಂತೆ ಕೊಳ್ಳಿ. ಮಳೆಗಾಲಕ್ಕೆ ಉಳಿದ ಪ್ಯಾಡುಗಳು ತೇವ ಹೀರಿ ಕೆಡುತ್ತವೆ. ಸಂಜೆ ಮನೆಗೆ ಮರಳುವ, ಅಂಗಳದಲ್ಲಿ ಬಿಸಿಲಿರುವ ಈ ಹೆಣ್ಣುಮಕ್ಕಳಲ್ಲಿ ಬಟ್ಟೆಯ ಪ್ಯಾಡನ್ನೇ ಬಯಸುವವರು ಇರಬಹುದು. ಕೇಳಿಯೇ ತರಿಸಿ. ಹೊಲಿಗೆ ಬಲ್ಲವರು ಸಂಘದಲ್ಲಿದ್ದರೆ, ತಯಾರಿಕೆಯ ಯೋಚನೆಯನ್ನು ನಾನು ಒಪ್ಪುವುದು ಇದೊಂದು ಕಡೆಯಲ್ಲಿ, ಏಕೆಂದರೆ ಇದಕ್ಕೆ ಬೇಕಾದ ಹೊಲಿಗೆ ಯಂತ್ರ ಆಗಲೇ ನಿಮ್ಮ ಮನೆಯಲ್ಲಿದೆ.

ಪ್ರಶ್ನೆ: ಗದಗಿನಲ್ಲಿ ನನ್ನದು ಕಚೇರಿಗಳಿಗೆ ಕಾಗದ, ಫೈಲು, ಫಿನಾಯಿಲ್ ಪೂರೈಸುವ ಅಂಗಡಿ. ಪ್ಯಾಡನ್ನೂ ಸೇರಿಸಬಹುದೇ? ಗಂಡಸು ಇದನ್ನು ಮಾರಿದರೆ ಮುಜುಗರವಾಗುವುದಿಲ್ಲವೇ?
— ವ್ಯಾಪಾರಿ, ಗದಗ-ಬೆಟಗೇರಿ

ಉತ್ತರ: ಸೇರಿಸಿರಿ. ಔಷಧ ಅಂಗಡಿಗಳಲ್ಲಿ ಇಂದಿಗೂ ಇದನ್ನು ಮಾರುತ್ತಿರುವವರು ಹೆಚ್ಚಾಗಿ ಗಂಡಸರೇ. ಕಚೇರಿಗೆ ತಲುಪಿಸಿ ಬಿಲ್ಲು ಕೊಡುವುದು ನಿಮ್ಮ ಕೆಲಸವಾಗಬಹುದು. ಶೌಚಾಲಯದ ಒಳಗೆ ಹೋಗಿ ತುಂಬುವುದು, ಯಾವ ಬಗೆ ಬೇಕೆಂದು ವಿಚಾರಿಸುವುದು ಮಹಿಳೆಯೊಬ್ಬರ ಕೆಲಸ. ಮನೆಯವರಿಂದ ಪುಕ್ಕಟೆಯಾಗಿ ಮಾಡಿಸದೆ ಆ ಕೆಲಸಕ್ಕೆ ಸಂಬಳ ಇಡಿ. ಪ್ಯಾಡಿನ ವ್ಯಾಪಾರದಲ್ಲಿ ಪಾಲು ಕೊಟ್ಟರೆ ಇನ್ನೂ ಒಳ್ಳೆಯದು. ಫೈಲು, ಫಿನಾಯಿಲ್ ಇರುವ ಬಿಲ್ಲಿನಲ್ಲಿಯೇ ಪ್ಯಾಡನ್ನೂ ಅದರ ಹೆಸರಿನಿಂದಲೇ ಬರೆಯಿರಿ, ‘ಇತರೆ’ ಎಂದು ಬರೆಯಬೇಡಿ. ತೆರಿಗೆ ವಿನಾಯಿತಿಯ ಸರಕನ್ನು ಬೇರೆಯಾಗಿ ತೋರಿಸುವುದು ನೋಂದಾಯಿತ ವ್ಯಾಪಾರಿಯಾದ ನಿಮಗೆ ಹೇಗೂ ಅಗತ್ಯ. ಫಿನಾಯಿಲ್ ಡಬ್ಬಿಗಳ ಪಕ್ಕದಲ್ಲಿ ಮಾತ್ರ ಪ್ಯಾಡಿನ ಕಟ್ಟುಗಳನ್ನು ಇಡಬೇಡಿ, ವಾಸನೆ ಹಿಡಿಯುತ್ತದೆ.